ಎಡಗೆನ್ನೆಗೊಂದು, ಬಲಗೆನ್ನೆಗೊಂದು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳ ಮುಖವನ್ನು ಯಾರು ನೋಡುತ್ತಾರೆ ಹೇಳಿ! ಪುಟ್ಟಿ ದಿನವಿಡೀ ಬೇರೆಯವರ ಮೂಗಿನ ಮೇಲೆ ಫ್ರೇಮು ಕೂರಿಸುತ್ತಾಳೆ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ ಕೊಡುತ್ತಾಳೆ. ಅವರೋ, ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು ಹೊರಟುಹೋಗುತ್ತಾರೆ. ಇಪ್ಪತ್ತಾರು ದಾಟಿದರೂ ಅವಳನ್ನು ಬಿಡದೆ ಅಂಟಿಕೊಂಡದ್ದು ಮೊಡವೆ ಮಾತ್ರ.

ಅತ್ತಿಗೆಯ ಕಾಟ ತಡೆಯಲಾರದೆ ಚರ್ಮದ ಆಸ್ಪತ್ರೆಗೆ ಹೋದಳು. ಅಲ್ಲೊಬ್ಬ ಕಿರಿಯ ಡಾಕ್ಟರು ಎರಡು ಮುಲಾಮುಗಳಲ್ಲಿ ಯಾವುದು ಮೇಲು ಅಂತ ಪರೀಕ್ಷೆ ಮಾಡುತ್ತಿದ್ದ; ಪುಟ್ಟಿಯನ್ನೂ ಅದಕ್ಕೆ ಸೇರಿಸಿಕೊಂಡ. ಒಂದೇ ಮುಖ, ಎರಡು ಟ್ಯೂಬು. ಎಡಗೆನ್ನೆಗೆ ಬೆಂಜಾಯಿಲ್ ಪೆರಾಕ್ಸೈಡ್, ಬಲಗೆನ್ನೆಗೆ ಅಡಾಪಲೀನ್. ಸೋಮವಾರ ಸೋಮವಾರ ಅವಳು ಹೋದರೆ ಭೂತಗನ್ನಡಿ ಹಿಡಿದು ಎರಡೂ ಕಡೆಯ ಮೊಡವೆ ಎಣಿಸುತ್ತಾನೆ.

ಅದೇನು ಅಂತಿಂಥ ಎಣಿಕೆಯೇ? ಗಲ್ಲಕ್ಕೆ ಬೆರಳು ಕೊಟ್ಟು, ಮುಖವನ್ನು ಬೆಳಕಿಗೆ ತಿರುಗಿಸಿ, ಉಸಿರು ಬಿಗಿಹಿಡಿದು ನೋಡುತ್ತಿದ್ದ. "ಉರಿ ಇದೆಯಾ? ಸಿಪ್ಪೆ ಏಳ್ತಿದೆಯಾ?" ಇಷ್ಟು ಮೆತ್ತಗೆ ಅವಳನ್ನು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಆ ಸೋಮವಾರಗಳಿಗಾಗಿ ಅವಳ ಜೀವ ಹಾತೊರೆಯತೊಡಗಿತು.

ಎಡಗೆನ್ನೆ ತಿಳಿಯಾಗುತ್ತ ಬಂತು. ಜೊತೆಗೆ ಆ ಮುಲಾಮು ತಗಲಿ, ಬಣ್ಣ ಹೋಗಿ, ನೀಲಿ ದಿಂಬಿನ ಚೀಲವೂ ಅಲ್ಲಲ್ಲಿ ಬೆಳ್ಳಗಾಯಿತು. "ಮುಲಾಮು ಹಚ್ಕೋತೀಯೋ, ಸುಣ್ಣ ಬಳ್ಕೋತೀಯೋ?" ಅಂತ ಅತ್ತಿಗೆ ರೇಗಿದಳು. ಪುಟ್ಟಿಗೆ ಹತ್ತಿದ ಚಿಂತೆಯೇ ಬೇರೆ. ಎರಡೂ ಕೆನ್ನೆ ವಾಸಿಯಾದರೆ ಆಮೇಲೆ ಅಲ್ಲಿಗೆ ಹೋಗಲು ಏನು ನೆಪ? ಅಂದಿನಿಂದ ಬಲಗೆನ್ನೆಯ ಜೆಲ್ಲನ್ನು ಹಚ್ಚುವ ಬದಲು ದಿನಾ ಒಂದಿಷ್ಟು ಹಿಂಡಿ ಬಚ್ಚಲಿಗೆ ಬಿಟ್ಟಳು. ಹುಚ್ಚು ಹುಡುಗಿ!

ಕೊನೆಯ ತಪಾಸಣೆಯ ದಿನ ಡಾಕ್ಟರ ಮುಖ ಸಪ್ಪಗಾಗಿತ್ತು.

"ಬಲಗಡೆಯದೇ ಗೆಲ್ಲುತ್ತೆ ಅಂದ್ಕೊಂಡಿದ್ದೆ. ನಿಮ್ಮ ಕೆನ್ನೆ ನೋಡಿದ್ರೆ ಹಾಗೇನಿಲ್ಲ. ಹೋಗ್ಲಿ, ಕೆಲಸ ಮಾಡಲಿಲ್ಲ ಅಂತಲೇ ಬರೀತೀನಿ. ನೀವು ಇನ್ನೂ ಸ್ವಲ್ಪ ದಿನ ಬರ್ತಾ ಇರಿ."

ಬರ್ತಾ ಇರಿ! ಬಯಸಿದ್ದೇ ಬಾಗಿಲಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಆದರೆ ತನ್ನದೊಂದು ಆಸೆಗೆ ಅವನ ಇಷ್ಟು ದಿನದ ದುಡಿಮೆ ಸುಳ್ಳಾಗುವುದನ್ನು ನೋಡುತ್ತ ಕೂರಲು ಅವಳಿಂದ ಆಗಲಿಲ್ಲ.

"ಬರೀಬೇಡಿ ಡಾಕ್ಟ್ರೇ. ನಾನು ಅದನ್ನ ಹಚ್ಚೋದೇ ಬಿಟ್ಟಿದ್ದೆ."

"ಯಾಕ್ರೀ? ತುಂಬ ಉರೀತಿತ್ತಾ?"

"ಉರಿ ಏನಲ್ಲ. ವಾಸಿಯಾಗಿಬಿಟ್ರೆ ನೀವು ನನ್ನ ಮುಖ ನೋಡೋದು ನಿಂತುಹೋಗುತ್ತಲ್ಲ, ಅದಕ್ಕೆ."

ಅವನ ಕಿವಿ ಕೆಂಪಾದವು. ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ. ಕೆಟ್ಟವನೇನಲ್ಲ ಪಾಪ.

"ಕ್ಷಮಿಸಿ," ಎಂದ. "ನಾನು ಮುಖ ನೋಡ್ತಿರಲಿಲ್ಲ. ಮೊಡವೆ ಎಣಿಸ್ತಿದ್ದೆ."

"ಗೊತ್ತು ಬಿಡಿ," ಎಂದಳು ಪುಟ್ಟಿ. ಅವಳಿಗೆ ಗೊತ್ತಿರಲಿಲ್ಲ.