ಎಪ್ಪತ್ತು ಡಿಗ್ರಿಯ ಕೋಣೆ

ನನಗೆ ಕೈ ಮೊದಲು ಏಳುತ್ತಿತ್ತು, ಬುದ್ಧಿ ಆಮೇಲೆ ಬರುತ್ತಿತ್ತು. ಆಗಿನ ಹಿಂದೂಪುರದಲ್ಲಿ ಓಬುಳಪತಿ ಮೇಷ್ಟ್ರು ಹೇಗೆ ಅಂತ ಯಾರನ್ನು ಕೇಳಿದರೂ, ಗಣಿತ ಚೆನ್ನಾಗಿ ಹೇಳಿಕೊಡ್ತಾರೆ, ಕೆನ್ನೆ ಮಾತ್ರ ಜೋಪಾನ ಅನ್ನುತ್ತಿದ್ದರು. ಆ ಓಬುಳಪತಿ ನಾನೇ. ಒಂದು ಬೆಲ್ಲದ ಮಂಡಿಯ ಮೇಲಿನ ಮಾಳಿಗೆಯಲ್ಲಿ ಟ್ಯುಟೋರಿಯಲ್ ನಡೆಸುತ್ತಿದ್ದೆ. ಡಿಗ್ರಿಯ ಗಣಿತದಲ್ಲಿ ಡುಮ್ಕಿ ಹೊಡೆದವರೆಲ್ಲ ಕಡೆಗೆ ನನ್ನ ಮೆಟ್ಟಿಲು ಹತ್ತುತ್ತಿದ್ದರು.

ಚರಗಳನ್ನು ಬೇರ್ಪಡಿಸುವ ಪಾಠ ನನಗೆ ಬಾಯಿಪಾಠವಾಗಿತ್ತು. ಅದಕ್ಕೆ ನಾನು ಕೊಡುತ್ತಿದ್ದ ಉದಾಹರಣೆ ಯಾವಾಗಲೂ ಹೆಣದ್ದೇ. ಇಂಗ್ಲಿಷಿನವರ ಪುಸ್ತಕದಲ್ಲಿ ಹಾಗೇ ಇತ್ತು: ಎಪ್ಪತ್ತು ಡಿಗ್ರಿಯ (ಫ್ಯಾರನ್‌ಹೀಟ್ ಲೆಕ್ಕ, ಅಂದರೆ ತಂಪು) ಕೋಣೆಯಲ್ಲಿ ಒಂದು ಹೆಣ ಬಿದ್ದಿದೆ, ಅದರ ಮೈ ಬಿಸಿ ಇಷ್ಟು, ಸತ್ತು ಎಷ್ಟು ಹೊತ್ತಾಯಿತು? ಹೆಣ ತಣ್ಣಗಾಗುವ ವೇಗವು ಮೈ ಬಿಸಿಗೂ ಕೋಣೆಯ ಬಿಸಿಗೂ ಇರುವ ವ್ಯತ್ಯಾಸಕ್ಕೆ ತಕ್ಕಂತೆ ಇರುತ್ತದೆ. ಹೆಚ್ಚು ವ್ಯತ್ಯಾಸವಿದ್ದರೆ ಬೇಗ, ಕಡಿಮೆಯಿದ್ದರೆ ನಿಧಾನ. ಸಮೀಕರಣ ಬರೆದು, ಎರಡೂ ಕಡೆ ಆ ವ್ಯತ್ಯಾಸದಿಂದ ಭಾಗಿಸಿದರೆ ಬಿಸಿಗೆ ಸಂಬಂಧಿಸಿದ್ದೆಲ್ಲ ಎಡಕ್ಕೆ ಬರುತ್ತದೆ, ಕಾಲಕ್ಕೆ ಸಂಬಂಧಿಸಿದ್ದೆಲ್ಲ ಬಲಕ್ಕೆ ಹೋಗುತ್ತದೆ. ಆಮೇಲೆ ಎರಡು ಕಡೆಯೂ ಇಂಟಿಗ್ರೇಷನ್, ಅಷ್ಟೇ. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಮಾಡುತ್ತಿದ್ದೆ ಅನ್ನುವುದು ಈಗ ಗೊತ್ತಾಗುತ್ತದೆ.

ಐವತ್ತೆಂಟನೇ ಇಸವಿಯಲ್ಲಿ ಒಂದು ದಿನ ಹೀಗೆ ಭಾಗಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಕುಂದುರ್ಪಿ ಕಡೆಯ ಅಶ್ವತ್ಥಪ್ಪ, ಕುರಿ ಕಾಯುವವರ ಮನೆಯವನು, ಹತ್ತೊಂಬತ್ತು ವಯಸ್ಸು.

"ಸಾರ್, ಒಂದ್ ಡೌಟು. ಈ ಎಪ್ಪತ್ತು ಡಿಗ್ರಿ ಎಲ್ಲೈತೆ ಸಾರ್? ನಮ್ಮೂರಾಗೆ ಬೇಸಿಗೆನಾಗೆ ಮನೆ ಒಳ್ಗೂ ಮೈಯಷ್ಟೇ ಬಿಸಿ ಇರ್ತದೆ. ಎರಡೂ ಒಂದೇ ಆದ್ರೆ ವ್ಯತ್ಯಾಸ ಸೊನ್ನೆ. ಸೊನ್ನೆಯಿಂದ ಹೆಂಗೆ ಭಾಗಿಸ್ತೀರಿ?"

ಕ್ಲಾಸು ಗೊಳ್ಳೆಂದು ನಕ್ಕಿತು. ನಕ್ಕಿದ್ದು ಅವನನ್ನು ನೋಡಿಯೋ ನನ್ನನ್ನು ನೋಡಿಯೋ ಇವತ್ತಿಗೂ ತಿಳಿಯದು. ನನಗೆ ಉತ್ತರ ಗೊತ್ತಿರಲಿಲ್ಲ, ಅದು ಮಾತ್ರ ಖಂಡಿತ. ಹತ್ತು ವರ್ಷ ಪಾಠ ಮಾಡಿದ್ದೆ, ಭಾಗಿಸುವ ಮುಂಚೆ ಒಂದು ಸಲವೂ ಅದನ್ನು ಕೇಳಿಕೊಂಡಿರಲಿಲ್ಲ. ನೇರ ಹಿಂದಿನ ಬೆಂಚಿಗೆ ಹೋಗಿ ಅವನ ಎಡಗೆನ್ನೆಗೆ ಬಾರಿಸಿದೆ. ಕೆನ್ನೆಗೆ ಅಂತ ಎತ್ತಿದ ಕೈ ಕಿವಿಯ ಮೇಲೆ ಬಿತ್ತು. ಅವನು ಬೆಂಚಿನ ಮೇಲೆ ಕುಸಿದ. ಕಿವಿಯಿಂದ ರಕ್ತ ಸಣ್ಣಗೆ ಇಳಿದು ಅಂಗಿಯ ಕಾಲರಿಗೆ ಹತ್ತಿತು.

"ಪುಸ್ತಕಕ್ಕಿಂತ ದೊಡ್ಡೋನಾ ನೀನು?" ಅಂದೆ. ಅವನು ತಲೆ ತಿರುಗಿಸಿ ಬಲಗಿವಿಯನ್ನು ನನ್ನ ಕಡೆ ಮಾಡಿ, "ಏನಂದ್ರಿ ಸಾರ್?" ಅಂತ ಕೇಳಿದ. ಎಡಗಿವಿ ಆಗಲೇ ಹೋಗಿತ್ತು. ಮಾರನೆಯ ದಿನದಿಂದ ಅವನು ಬರಲಿಲ್ಲ. ನಾನೂ ವಿಚಾರಿಸಲಿಲ್ಲ.

ಅರವತ್ತೆರಡನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಕಲ್ಯಾಣದುರ್ಗದ ಓಬಣ್ಣ ತನ್ನ ಮಗನಿಗೆ ಪಾಠ ಹೇಳಿಕೊಡಲು ನನ್ನನ್ನು ಕರೆಸಿಕೊಂಡ. ಓಬಣ್ಣನಿಗೂ ಅವನ ಅಣ್ಣ ನರಸಿಂಹಪ್ಪನಿಗೂ ಸೇರಿ ಊರ ಹೊರಗೆ, ಮನೆಗೆ ಕೂಗಳತೆಯಲ್ಲಿ, ಕಡಲೆಕಾಯಿ ಸುಲಿಯುವ ಮಿಲ್ಲಿತ್ತು. ಅದು ಯಾರ ಕೈಗೆ ಬರಬೇಕು ಅಂತ ಅಣ್ಣತಮ್ಮಂದಿರ ನಡುವೆ ಮನಸ್ತಾಪವಿತ್ತು. ನಾನು ಬಂದು ಮೂರೇ ದಿನವಾಗಿತ್ತು. ಸುಗ್ಗಿ ಮುಗಿದು ಮಿಲ್ಲು ನಿಂತಿತ್ತು.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಅಣ್ಣತಮ್ಮ ಇಬ್ಬರೂ ಮಿಲ್ಲಿನ ಗೋದಾಮು ನೋಡಿ ಬರುತ್ತೇವೆಂದು ಹೊರಟರು. ಒಂಬತ್ತಕ್ಕೆ ಓಬಣ್ಣನೊಬ್ಬನೇ, ಮೈತುಂಬ ಟವೆಲ್ಲು ಹೊದ್ದುಕೊಂಡು, ಹಿಂತಿರುಗಿದ. "ಅಣ್ಣ ಅನಂತಪುರದ ಬಸ್ಸಿಗೆ ಹೋದ" ಅಂದ. ಬೆಳಗಿನ ಜಾವ ಸ್ನಾನ ಮಾಡಿದ್ದವನು ಹಿತ್ತಲಿಗೆ ಹೋಗಿ ಇನ್ನೊಂದು ಸಲ ಸ್ನಾನ ಮಾಡಿದ. ಕಡಲೆ ಹೊಟ್ಟಿನ ಧೂಳು ಮೇಷ್ಟ್ರೆ, ಮೈಯೆಲ್ಲ ನವೆ ಅಂದ. ನಾನು ಪಾಠ ಮುಂದುವರಿಸಿದೆ.

ಮಧ್ಯಾಹ್ನ ಮೂರಕ್ಕೆ ಗೋದಾಮಿನ ಕಡೆಯಿಂದ ಕೂಗು ಕೇಳಿತು. ಓಡಿದೆವು. ತಗಡಿನ ಗೋದಾಮು, ಒಂದೇ ಬಾಗಿಲು, ಒಳಗೆ ಕಾಲಿಟ್ಟರೆ ಉಸಿರು ಸುಡುತ್ತಿತ್ತು. ಮೂಟೆಗಳ ಹಿಂದೆ ನರಸಿಂಹಪ್ಪ ಅಂಗಾತ ಬಿದ್ದಿದ್ದ. ತಲೆಯ ಒಂದು ಪಕ್ಕ ಇರಲೇ ಇಲ್ಲ. ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲು ಅಲ್ಲೇ ಬಿದ್ದಿತ್ತು, ಅದರ ತುದಿಯಲ್ಲಿ ಕೂದಲು ಅಂಟಿಕೊಂಡಿತ್ತು. ಊರಿನ ಕಾಂಪೌಂಡರು ಬಂದು ಕಂಕುಳಿಗೆ ಥರ್ಮಾಮೀಟರ್ ಇಟ್ಟು ತೆಗೆದು, "ತೊಂಬತ್ತೆಂಟು. ಇನ್ನೂ ಬಿಸಿ ಐತೆ" ಅಂದ.

ಓಬಣ್ಣ ನನ್ನ ಕಡೆ ತಿರುಗಿದ. "ಏಮಯ್ಯಾ ಪಂತುಲು, ನಮ್ಮ ಹುಡುಗನಿಗೆ ನಿನ್ನೆ ಹೆಣದ ಲೆಕ್ಕ ಹೇಳಿಕೊಡ್ತಿದ್ಯಲ್ಲ. ಯಾವಾಗ ಸತ್ತ ಅಂತ ಅದ್ರಾಗೆ ತಿಳೀತದಾ?"

ಸುತ್ತ ಐವತ್ತು ಜನ ನಿಂತಿದ್ದರು. ನನಗೆ ಅದೊಂದು ಸಭೆಯಾಯಿತು, ಥೂ. ಜೇಬಿನಲ್ಲಿ ಸೀಮೆಸುಣ್ಣ ಇದ್ದೇ ಇರುತ್ತಿತ್ತು. ಗೋದಾಮಿನ ಕಪ್ಪು ಬಾಗಿಲ ಮೇಲೆ ಸಮೀಕರಣ ಬರೆದೆ. ಕೋಣೆಯ ಬಿಸಿ ಎಪ್ಪತ್ತು ಅಂತ ಬರೆಯುವಾಗ ಕೈ ತಡೆಯಲಿಲ್ಲ, ಬೆವರು ಮಾತ್ರ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಭಾಗಿಸಿದೆ, ಬೇರ್ಪಡಿಸಿದೆ, ಉತ್ತರಕ್ಕೆ ಕೆಳಗೆ ಎರಡು ಗೆರೆ ಎಳೆದೆ.

"ಸತ್ತು ಇಪ್ಪತ್ತೈದು ನಿಮಿಷ. ಎರಡೂವರೆ ದಾಟಿದ ಮೇಲೆ" ಅಂದೆ.

"ಎರಡೂವರೆಗೆ ಬೀಗ ತೆಗೆದು ಒಳಗೆ ಹೋದೋನು ಮಿಶನ್ ನೋಡ್ಕಳೋನು ಒಬ್ನೇ" ಅಂದ ಓಬಣ್ಣ. "ಕೂಗಿದ್ದೂ ಅವ್ನೇ. ಅಣ್ಣ ಬಸ್ಸು ತಪ್ಪಿ ವಾಪಸ್ ಬಂದವ್ನೆ, ಇವ್ನು ಒಳಗೆ ಹೊಡೆದಾಕ್ಬುಟ್ಟವ್ನೆ. ಎಳ್ಕಂಡ್ ಬರ್ರೋ ಅವನ್ನ."

ಗೋಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ವಾಂತಿ ಮಾಡುತ್ತಿದ್ದವನನ್ನು ಕೂದಲು ಹಿಡಿದು ಎಳೆದು ತಂದರು. ಮೀಸೆ ಬಂದಿತ್ತು, ಆದರೂ ಗುರುತು ಸಿಕ್ಕಿತು. ಅಶ್ವತ್ಥಪ್ಪ. ಅವನು ನನ್ನನ್ನೂ ನೋಡಿದ, ಬಾಗಿಲನ್ನೂ ನೋಡಿದ.

ಮೊದಲು ಮೆಟ್ಟಿನಲ್ಲಿ ಹೊಡೆದರು. ಆಮೇಲೆ ಗಾಡಿಯ ಗೂಟ ತಂದರು. ಬೆನ್ನಿಗೆ, ಮೊಣಕಾಲಿಗೆ, ಬಾಯಿಗೆ. ಹಲ್ಲೊಂದು ಮಣ್ಣಿಗೆ ಬಿದ್ದದ್ದು ನೋಡಿದೆ. ಮೂಳೆಯ ಮೇಲೆ ಮರ ಬಿದ್ದರೆ ಒಣ ಸದ್ದು ಬರುತ್ತದೆ, ಅದನ್ನು ಹತ್ತಿರದಿಂದ ಕೇಳಿದವನಿಗೆ ಮರೆಯುವುದಿಲ್ಲ. ಅವನು ನಾನು ಮಾಡಿಲ್ಲ ಅಂತ ಒಂದು ಸಲ ಹೇಳಿದ. ಆಮೇಲೆ ಅವರಿಗೆ ಹೇಳುವುದನ್ನು ಬಿಟ್ಟು ನನಗೆ ಹೇಳತೊಡಗಿದ.

"ಸಾರ್, ಒಳಗೆ ಎಷ್ಟು ಡಿಗ್ರಿ ಐತೆ ನೋಡಿ ಸಾರ್. ಎಪ್ಪತ್ತಲ್ಲ ಸಾರ್. ಒಳಗೆ ನೋಡಿ."

ಆ ಮಾತು ನನಗೆ ಆಗಲೇ ಅರ್ಥವಾಯಿತು. ಅರ್ಥವಾದರೂ ನಾನು ನಿಂತೇ ಇದ್ದೆ. ಐವತ್ತು ಜನರ ಮುಂದೆ ಎರಡು ಗೆರೆ ಎಳೆದ ಉತ್ತರವನ್ನು ಅಳಿಸುವುದು ಹೇಗೆ ಅಂತ ಯೋಚಿಸುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಹೊಡೆದದ್ದೂ ಇದೇ ಪ್ರಶ್ನೆಗೆ ತಾನೇ ಅಂತ ಯೋಚಿಸುತ್ತಿದ್ದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ. ಅಷ್ಟರಲ್ಲಿ ಓಬಣ್ಣ ಆ ಕಬ್ಬಿಣದ ಹ್ಯಾಂಡಲ್ಲನ್ನೇ ಎತ್ತಿಕೊಂಡು ಬಂದು ಅಶ್ವತ್ಥಪ್ಪನ ತಲೆಯ ಬಲಪಕ್ಕಕ್ಕೆ ಬೀಸಿದ. ಅವನು ತಲೆ ಸರಿಸಿದ್ದರಿಂದ ಪ್ರಾಣ ಉಳಿಯಿತು, ಕಿವಿ ಹರಿದು ನೇತಾಡಿತು. ಕೂಗು ನಿಂತಿತು.

ಆಗ ಕಾಲು ಬಂತು ನನಗೆ. ಕಾಂಪೌಂಡರ ಕೈಯಿಂದ ಥರ್ಮಾಮೀಟರ್ ಕಿತ್ತುಕೊಂಡು ಗೋದಾಮಿನೊಳಗೆ ನುಗ್ಗಿದೆ. ಹೆಣದ ಪಕ್ಕದ ಮೂಟೆಯ ಮುಂದೆ ನಿಂತು ಪಾದರಸ ಇಳಿಯಲೆಂದು ಜಾಡಿಸಿದೆ. ಇಳಿದದ್ದು ನೋಡನೋಡುತ್ತಲೇ ಏರಿತು. ಮತ್ತೆ ಜಾಡಿಸಿದೆ, ಮತ್ತೆ ಏರಿತು. ಯಾರ ಕಂಕುಳಿನಲ್ಲೂ ಇಡದೆ, ಬರೀ ಗಾಳಿಯಲ್ಲಿ, ತೊಂಬತ್ತೆಂಟು. ಹೆಣ ಬಿಸಿಯಿತ್ತು, ಯಾಕೆಂದರೆ ತಣ್ಣಗಾಗಲು ಅದಕ್ಕೆ ಜಾಗವೇ ಇರಲಿಲ್ಲ. ಇಪ್ಪತ್ತೈದು ನಿಮಿಷದ ಹಿಂದೆ ಸತ್ತಿದ್ದರೂ ಅಷ್ಟೇ, ಏಳು ಗಂಟೆಯ ಹಿಂದೆ ಸತ್ತಿದ್ದರೂ ಅಷ್ಟೇ. ವ್ಯತ್ಯಾಸ ಸೊನ್ನೆ. ನಾನು ಭಾಗಿಸಿದ್ದು ಸೊನ್ನೆಯಿಂದ.

ಹೆಣದ ತಲೆಯ ಹತ್ತಿರ ಮುತ್ಯಾಲಮ್ಮ ಕೂತಿದ್ದಳು. ಊರಿನಲ್ಲಿ ಯಾರು ಸತ್ತರೂ ಗದ್ದ ಕಟ್ಟುವವಳು ಅವಳು. ಜೀವ ಹೋದ ತಕ್ಷಣ, ಮೈ ಬಿಗಿಯುವ ಮುಂಚೆ, ಬಾಯಿ ಮುಚ್ಚಿಸಿ ಬಟ್ಟೆಯ ಪಟ್ಟಿ ಬಿಗಿಯುವುದು ಅಲ್ಲಿಯ ಪದ್ಧತಿ. ಪಟ್ಟಿ ಅವಳ ಕೈಯಲ್ಲೇ ಇತ್ತು.

"ಬಾಯಿ ಮುಚ್ಚಾಕೆ ಆಗ್ತಾ ಇಲ್ಲ ಕಣಪ್ಪ" ಅಂದಳು. "ಗದ್ದ ಬಿಗಿದ್ಬುಟ್ಟೈತೆ, ಕೈಯೂ ಮಡಿಸಾಕೆ ಬರಾಕಿಲ್ಲ. ಇದು ಈಗಿನ ಹೆಣ ಅಲ್ಲ, ಬೆಳಿಗ್ಗೇದು."

"ಹೊರಗೆ ಬಂದು ಹೇಳ್ತೀಯೇನಮ್ಮ?"

"ಆಗಲೇ ಹೇಳ್ದೆ. ಬಾಗಿಲ ಮೇಲೆ ಮೇಷ್ಟ್ರು ಬರೆದವ್ರೆ, ನೀನು ಸುಮ್ಕಿರು ಅಂದ್ರು."

ಹೊರಗೆ ಓಬಣ್ಣ ಹ್ಯಾಂಡಲ್ಲನ್ನು ಎರಡನೆಯ ಸಲ ಎತ್ತಿದ್ದ. ಈ ಸಲ ಕೆಳಗೆ ಬಿದ್ದವನ ನಡುನೆತ್ತಿಗೆ. ನಾನು ಬಾಗಿಲ ಮೇಲಿನದನ್ನು ಅಂಗೈಯಿಂದ ಒರೆಸುತ್ತಲೇ ಓಡಿ ಅಶ್ವತ್ಥಪ್ಪನ ಮೇಲೆ ಬಿದ್ದೆ. ಬಲಗೈ ಅಡ್ಡ ಹಿಡಿದೆ. ಕಬ್ಬಿಣ ಮೊಣಕೈಯ ಮೇಲೆ ಕೂತಿತು, ಎಲುಬು ಚರ್ಮ ಹರಿದುಕೊಂಡು ಹೊರಗೆ ಬಂತು.

"ನನ್ನ ಲೆಕ್ಕ ತಪ್ಪು" ಅಂತ ಅರಚಿದೆ. "ಆ ತೊಂಬತ್ತೆಂಟು ಹೆಣದ್ದಲ್ಲ, ಗೋದಾಮಿಂದು. ಮುತ್ಯಾಲಮ್ಮನ್ನ ಕೇಳಿ, ಸತ್ತಿದ್ದು ಬೆಳಿಗ್ಗೆ."

"ಬರೆದೋನೂ ನೀನೇ, ಅಳಿಸೋನೂ ನೀನೇನಾ" ಅಂದ ಓಬಣ್ಣ. ಹ್ಯಾಂಡಲ್ಲು ಮೂರನೆಯ ಸಲ ಮೇಲೆ ಹೋಯಿತು.

ಮುತ್ಯಾಲಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಏರುದನಿಯವಳಲ್ಲ, ಆದರೆ ಗುಂಪು ಸುಮ್ಮನಾಗಿತ್ತು. "ಹೌದು, ಬೆಳಿಗ್ಗೇನೇ ಹೋಗೈತೆ ಜೀವ" ಅಂದಳು. "ಬೆಳಿಗ್ಗೆ ಜತೆಗೆ ಬಂದಿದ್ದೋನು ನೀನೇ ಅಲ್ವೇನಪ್ಪ ಓಬಣ್ಣ?"

ನಾನು ಬಿದ್ದಲ್ಲಿಂದಲೇ ಎರಡನೆಯ ಸ್ನಾನದ ವಿಷಯ ಹೇಳಿದೆ. ಗೂಟ ಹಿಡಿದಿದ್ದವರು ಒಬ್ಬೊಬ್ಬರಾಗಿ ಓಬಣ್ಣನ ಕಡೆ ತಿರುಗಿದರು. ಅವನು ಹ್ಯಾಂಡಲ್ಲನ್ನು ಕೆಳಗೆ ಹಾಕಲಿಲ್ಲ, ಅಡ್ಡ ಬಂದವನೊಬ್ಬನ ಹಲ್ಲು ಉದುರಿಸಿ ಓಡಿದ. ಬಸ್‌ಸ್ಟ್ಯಾಂಡಿನ ಹತ್ತಿರ ಹಿಡಿದು, ಅವನು ನಿಲ್ಲಲಾಗದಷ್ಟು ಹೊಡೆದು ಪೊಲೀಸರ ಜೀಪಿಗೆ ಹಾಕಿದರು. ಹಿತ್ತಲಿನ ಬಾವಿಯಿಂದ ರಕ್ತದ ಅಂಗಿ ಎತ್ತಿದ ಮೇಲೆ ಒಪ್ಪಿಕೊಂಡನಂತೆ.

ನನ್ನ ಬಲಗೈ ಆಮೇಲೆ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಒಳ್ಳೆಯದೇ ಆಯಿತು.

ಎರಡು ತಿಂಗಳು ಕಳೆದು, ಕೈಗೆ ಕಟ್ಟಿದ ಪಟ್ಟಿಯಲ್ಲೇ ಬಸ್ಸು ಹತ್ತಿ ಕುಂದುರ್ಪಿಗೆ ಹೋದೆ. ಅಲ್ಲಿಂದ ಎರಡು ಮೈಲಿ ನಡೆದರೆ ಅವರ ಹಟ್ಟಿ. ಅವನ ತಾಯಿ ಉಡುಸಲಮ್ಮ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಯಾರೆಂದು ಹೇಳಿಕೊಂಡೆ. ಕ್ಷಮೆ ಕೇಳಲು ಬಂದಿದ್ದೇನೆ ಅಂದೆ.

"ಅವ್ನಿಗೆ ಕೇಳಾಕಿಲ್ಲ" ಅಂದಳು. "ಒಂದು ಕಿವಿ ಹಿಂದೂಪುರದಾಗೆ ಹೋಯ್ತು, ಇನ್ನೊಂದು ಕಲ್ಯಾಣದುರ್ಗದಾಗೆ. ನೀವು ಎರಡೂ ಕಡೆ ಇದ್ರಿ. ಹೋಗಿ ಸ್ವಾಮಿ, ಮಾತಾಡ್ಸಿ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನಗೆ ಒಂದು ಚೊಂಬು ನೀರು ಕೊಟ್ಟಳು.

ಅಶ್ವತ್ಥಪ್ಪ ಬೇವಿನ ಮರದ ಕೆಳಗೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದ, ಮೊಣಕಾಲು ಒಪ್ಪಲಿಲ್ಲ. ನಾನೇ ಅವನೆದುರು ನೆಲದ ಮೇಲೆ ಕೂತೆ. ಬಾಯಿಂದ ಹೇಳಿ ಪ್ರಯೋಜನವಿರಲಿಲ್ಲ. ಎಡಗೈಯಿಂದ, ಸೊಟ್ಟ ಅಕ್ಷರದಲ್ಲಿ, ಧೂಳಿನ ಮೇಲೆ ಆ ಸಮೀಕರಣ ಬರೆದೆ. ಭಾಗಿಸುವ ಸಾಲಿಗೆ ಬಂದಾಗ ನಿಲ್ಲಿಸಿ, ಪಕ್ಕದಲ್ಲಿ ಬರೆದೆ: ವ್ಯತ್ಯಾಸ ಸೊನ್ನೆಯಾದರೆ ಭಾಗಿಸಬಾರದು, ಬಿಸಿ ಬದಲಾಗುವುದೇ ಇಲ್ಲ, ಅದೇ ಒಂದು ಉತ್ತರ, ಅದನ್ನು ಮೊದಲೇ ಬೇರೆ ಬರೆದಿಟ್ಟುಕೊಳ್ಳಬೇಕು. ಕೆಳಗೆ, ನಿನ್ನ ಡೌಟು ಸರಿ ಅಂತ ಬರೆದೆ. ಕಣ್ಣೀರು ಅಕ್ಷರದ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ.

ಅವನು ನಿಧಾನವಾಗಿ ಎಲ್ಲವನ್ನೂ ಓದಿದ. ಆಮೇಲೆ ತನ್ನ ದನಿ ಎಷ್ಟು ಜೋರೆಂದು ಗೊತ್ತಾಗದವರು ಮಾತಾಡುವಂತೆ, ಹಟ್ಟಿಯ ಕುರಿಗಳೆಲ್ಲ ತಲೆಯೆತ್ತುವಷ್ಟು ಜೋರಾಗಿ ಕೇಳಿದ.

"ಅವತ್ತೇ ಯಾಕೆ ಹೇಳ್ಲಿಲ್ಲ ಸಾರ್?"

ಕೇಳಿ, ಉತ್ತರಕ್ಕೆ ಕಾಯುತ್ತಾ, ಅಭ್ಯಾಸಬಲದಿಂದ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದ.