ಎದುರುಮನೆ ಹುಡುಗಿಯ ಫ್ರಾಕು

ಬೀದಿಯವರೆಲ್ಲ ಚಿನಕುರುಳಿ ಎಂದು ಕರೆಯುತ್ತಿದ್ದ ಟೈಲರಮ್ಮನ ಆರು ವರ್ಷದ ಮಗಳು ಈಚೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಶಾಲೆಯಿಂದ ಬಂದವಳೇ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ನುಸುಳಿಬಿಡುತ್ತಿದ್ದಳು. ಕರೆದರೂ ಊಟಕ್ಕೆ ಏಳುತ್ತಿರಲಿಲ್ಲ. ಎದುರುಮನೆಯ ಗೆಳತಿ ಟೂ ಬಿಟ್ಟು ಬೇರೆಯವಳ ಪಕ್ಕ ಕೂರತೊಡಗಿದ್ದಳು.

ಟೈಲರಮ್ಮನಿಗೆ ಹೊಟ್ಟೆ ಉರಿದುಹೋಗಿತ್ತು. ಮೊದಲ ದಿನವೇ ಬೀದಿ ದಾಟಿ, "ನನ್ನ ಮಗಳನ್ನ ಅಳಿಸ್ತೀಯಾ? ಈ ಕಡೆ ತಲೆ ಹಾಕಿದ್ರೆ ನೋಡು!" ಎಂದು ಆ ಪುಟ್ಟ ಹುಡುಗಿಗೇ ಗದರಿ ಬಂದಿದ್ದಳು. ಎದುರುಮನೆಯಾಕೆ ರಪ್ಪೆಂದು ಬಾಗಿಲು ಹಾಕಿಕೊಂಡಳು. ಒಂದೇ ಬಟ್ಟೆಯಲ್ಲಿ ಇಬ್ಬರು ಹುಡುಗಿಯರಿಗೂ ಫ್ರಾಕು ಹೊಲಿಯುತ್ತಿದ್ದ ಟೈಲರಮ್ಮ, ಗೆಳತಿಯ ಫ್ರಾಕಿನ ಹೊಲಿಗೆ ಬಿಚ್ಚಿ ಮೂಲೆಗೆಸೆದಳು. ಅದೂ ಮಗಳ ಕಣ್ಣೆದುರೇ.

ಒಂದು ಸಂಜೆ ಶಿಶುವಿಹಾರದ ಟೀಚರು ಹೊಲಿಯಲು ಕೊಟ್ಟಿದ್ದ ಬಟ್ಟೆ ಕೇಳಲು ಬಂದರು. ಮೇಜಿನ ಕೆಳಗೆ ಬಗ್ಗಿ ನೋಡಿದರು.

"ಏನಾಯ್ತು ಅಂತ ಮಗೂನ ಕೇಳಿದ್ರಾ?"

"ಕೇಳೋದೇನು ಬಂತು? ಎದುರುಮನೆಯವಳು ಹೋದ್ರೆ ಹೋಗ್ಲಿ, ನಿನಗೆ ಹತ್ತು ಜನ ಸಿಗ್ತಾರೆ ಅಂದೆ."

"ನಿಮ್ಮ ಗೆಳತಿಯೊಬ್ಬಳು ಮಾತು ಬಿಟ್ಟಾಗ ಯಾರಾದ್ರೂ ಹಾಗಂದಿದ್ರೆ ನಿಮಗೆ ಸಮಾಧಾನ ಆಗ್ತಿತ್ತಾ?"

ಟೈಲರಮ್ಮ ಮುಖ ಗಂಟಿಕ್ಕಿದಳು. "ಹಾಗಾದ್ರೆ ಹೆತ್ತವಳು ಕೈಕಟ್ಟಿಕೊಂಡು ಕೂರಬೇಕಾ?"

"ಕೂರಬೇಕು, ಅವಳ ಪಕ್ಕದಲ್ಲಿ. ಹೊಡೆಯೋದು, ದಿನಾ ಹಂಗಿಸೋದು ಇದ್ರೆ ಸುಮ್ಮನಿರಬೇಡಿ, ಶಾಲೆಗೆ ಹೋಗಿ ಹೇಳಿ. ಬರೀ ಮುನಿಸಾದ್ರೆ ಅವಳು ಹೇಳೋದನ್ನ ಪೂರ್ತಿ ಕೇಳಿ. ಮುಂದೇನು ಮಾಡೋಣ ಅಂತ ಅವಳನ್ನೇ ಕೇಳಿ. ತೀರ್ಪು ಮಾತ್ರ ಕೊಡಬೇಡಿ."

"ಇಷ್ಟುದ್ದ ಮಗು, ಅದೇನು ಹೇಳತ್ತೆ ಬಿಡಿ ಟೀಚರೇ!"

ಆದರೂ ಟೀಚರು ಹೋದ ಮೇಲೆ ಟೈಲರಮ್ಮ ಮಿಷನ್ನು ನಿಲ್ಲಿಸಿ, ತಲೆ ಬಡಿಸಿಕೊಂಡು ಮೇಜಿನ ಕೆಳಗೆ ತೂರಿದಳು. "ತುಂಬಾ ಬೇಜಾರಾಗಿದ್ಯಾ ಕಂದಾ?" ಎಂದು ಕೇಳಿ ಬಾಯಿ ಮುಚ್ಚಿಕೊಂಡಳು. ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಸಲೀಸಾದ ಕೆಲಸವಲ್ಲ.

ಬಹಳ ಹೊತ್ತಿನ ಮೇಲೆ ಮಗಳು ಬಾಯಿಬಿಟ್ಟಳು. "ಮೊದಲು ನಾನೇ ಅವಳನ್ನ ತಳ್ಳಿದ್ದು. ಮಾರನೇ ದಿನ ಸಾರಿ ಕೇಳೋಣ ಅಂತಿದ್ದೆ. ನೀನು ಬೈದ್ಯಲ್ಲ, ಈಗ ನನ್ನ ಕಂಡ್ರೆ ಓಡಿಹೋಗ್ತಾಳೆ. ಅವಳ ಫ್ರಾಕಿನ ಹೊಲಿಗೇನೂ ಬಿಚ್ಚಿಬಿಟ್ಟೆ ನೀನು."

ಟೈಲರಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಈಗೇನು ಮಾಡೋಣ ಹೇಳು?"

"ನೀನು ಸಾರಿ ಕೇಳು. ಆಮೇಲೆ ನಾನು ಕೇಳ್ತೀನಿ."

ಇಬ್ಬರೂ ಬೀದಿ ದಾಟಿದರು. ಬಾಗಿಲು ಗೇಣಗಲ ತೆರೆಯಿತು. ಟೈಲರಮ್ಮ ಕುಕ್ಕರುಗಾಲಲ್ಲಿ ಕೂತು, "ನಿನ್ನ ಬೈದಿದ್ದು ನನ್ನ ತಪ್ಪು ಪುಟ್ಟಾ" ಎಂದಳು. ಚಿನಕುರುಳಿಯೂ ಸಾರಿ ಎಂದಳು. ಎದುರುಮನೆಯ ಹುಡುಗಿ ತನ್ನ ಅಮ್ಮನ ಬೆನ್ನ ಹಿಂದಿನಿಂದ ಈಚೆ ಬರಲಿಲ್ಲ.

"ಅವಳಿಗಿನ್ನೂ ಭಯ ಹೋಗಿಲ್ಲ" ಎಂದು ಎದುರುಮನೆಯಾಕೆ ಮೆಲ್ಲಗೆ ಬಾಗಿಲು ಮುಚ್ಚಿದಳು.

ಮನೆಗೆ ಬಂದು ಟೈಲರಮ್ಮ ಮೂಲೆಯ ಫ್ರಾಕನ್ನು ಎತ್ತಿ ಮತ್ತೆ ಹೊಲಿಯಲು ಕೂತಳು.

"ಅವಳು ಬರ್ದೇ ಇದ್ರೆ ಅಮ್ಮಾ?"

"ಗೊತ್ತಿಲ್ಲ ಕಂದಾ. ನಾನಂತೂ ನಿನ್ನ ಜೊತೇಲೇ ಇರ್ತೀನಿ."

ಅಂದು ಚಿನಕುರುಳಿ ಊಟಕ್ಕೆ ಎದ್ದಳು.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗು ಇವತ್ತು ಮುಖ ಸಪ್ಪಗೆ ಮಾಡಿಕೊಂಡು ಬಂದರೆ ಎದುರುಮನೆಗೆ ಓಡಬೇಡಿ. ಮೊದಲು ಅದರ ಪಕ್ಕ ಕೂತು ಕೇಳಿ. ಮಕ್ಕಳ ಮುನಿಸು ಮಕ್ಕಳಲ್ಲೇ ತೀರಲು ಒಂದಿಷ್ಟು ಹೊತ್ತು ಕೊಡಿ. ಹೊಲಿದು ಮುಗಿಸಿದ ಆ ಫ್ರಾಕು ಟೈಲರಮ್ಮನ ಗೋಡೆಯ ಮೊಳೆಯಲ್ಲಿ ಇನ್ನೂ ತೂಗುತ್ತಿದೆ.