ನೆಸ್ಟರಣ್ಣನ ರಬ್ಬರ್ ಪ್ಯಾಂಟು

ನಮ್ಮಣ್ಣ ನೆಸ್ಟರ್ ಹನ್ನೊಂದು ಬೇಸಿಗೆಗಳಿಂದ ವೆಸ್ತಾಳನ್ನು 'ಮದುವೆಯಾಗುತ್ತೀಯಾ' ಎಂದು ಕೇಳಲು ಹೋಗಿ, ಪ್ರತಿ ಸಲವೂ ಮಳೆ-ಬಿಸಿಲಿನ ಮಾತಾಡಿ ವಾಪಸು ಬರುತ್ತಿದ್ದ. ಅವನಿಗೆ ಅರವತ್ತೆರಡು. ವೆಸ್ತಾ ವಿಧವೆ, ಬೇಸಿಗೆಯಲ್ಲಿ ನಮ್ಮ ಪಕ್ಕದಲ್ಲೇ ಡೇರೆ ಹಾಕಿ, ಸಾಲ್ಮನ್ ಮೀನು ಸೀಳಿ ಒಣಗಲು ಹೊಗೆಯಲ್ಲಿ ತೂಗುಹಾಕುತ್ತಾಳೆ.

ಈ ಜೂನ್‌ನಲ್ಲಿ ಅಣ್ಣ ಎದೆಯವರೆಗೆ ಬರುವ ಹೊಸ ರಬ್ಬರ್ ಪ್ಯಾಂಟು ತರಿಸಿದ. ಅದನ್ನು ತೊಟ್ಟು, ತಲೆ ಬಾಚಿಕೊಂಡು, ನದಿಯ ಹರಿವಿಗೆ ತಿರುಗುತ್ತಾ ಬುಟ್ಟಿಗಳಲ್ಲಿ ಮೀನು ಎತ್ತುವ ಮೀನುಚಕ್ರದ ತೆಪ್ಪದ ಮೇಲೆ ನಿಂತ. ಕಾಪರ್ ನದಿ ತುಂಬಿತ್ತು. ಹಿಮನದಿಗಳು ಬಂಡೆ ಅರೆದು ಕಳಿಸಿದ ಹೂಳಿನಿಂದ ನೀರು ಬೂದಿ ಕಲಸಿದ ಹಾಗಿತ್ತು. ತೇಲಿಬಂದ ಮರವೊಂದು ಚಕ್ರಕ್ಕೆ ಸಿಕ್ಕಿಕೊಂಡಿತು. ವೆಸ್ತಾ ನೋಡುತ್ತಿದ್ದಾಳೆಂದು ಅಣ್ಣ ಒಂದೇ ಕೈಯಲ್ಲಿ ಅದನ್ನು ಎಳೆಯಲು ಹೋಗಿ ನೀರಿಗೆ ಬಿದ್ದ.

ತೆಪ್ಪದ ಅಂಚು ಕೈಗೆ ಸಿಕ್ಕಿತು. ಆದರೆ ಪ್ಯಾಂಟಿನೊಳಗೆ ನೀರು ನುಗ್ಗಿ, ಕಾಲುಗಳಲ್ಲಿ ಹೂಳು ಗಟ್ಟಿಯಾಗಿ ಕೂತುಬಿಟ್ಟಿತು. ನಾನು ಎಳೆದೆ. ವೆಸ್ತಾಳೂ ಓಡಿಬಂದು ಎಳೆದಳು. ಅಣ್ಣ ಒಂದಿಂಚೂ ಮೇಲೆ ಬರಲಿಲ್ಲ.

"ಅಣ್ಣಾ, ಪ್ಯಾಂಟ್ ಬಿಚ್ಚೋ!" ಎಂದು ಕೂಗಿದೆ.

"ಆಗಲ್ಲ ಆಲ್ಮಾ! ಅವಳು ಇಲ್ಲೇ ಇದ್ದಾಳೆ!"

"ಪ್ರಾಣ ಹೋಗೋ ಹೊತ್ತಲ್ಲೂ ನಾಚ್ಕೆನಾ ನಿಂಗೆ?"

"ಹೊಸದು ಕಣೇ!"

"ಥೂ ನಿನ್ನ! ಕದಲಬೇಡ," ಎಂದ ವೆಸ್ತಾ ತೆಪ್ಪದ ಅಂಚಿನಲ್ಲಿ ಬೋರಲು ಮಲಗಿ, ಮೀನು ಸೀಳುವ ಚಾಕುವಿನಿಂದ ಪ್ಯಾಂಟನ್ನು ಅವನ ಹೆಗಲಿಗೆ ಹಿಡಿದಿದ್ದ ಎರಡೂ ಪಟ್ಟಿ ಕತ್ತರಿಸಿದಳು. ಪ್ಯಾಂಟು ಮುಳುಗಿತು. ಹೂಳು ತುಂಬಿದ ಒಳಚಲ್ಲಣವೂ ಅದರ ಹಿಂದೆಯೇ ಹೋಯಿತು. ಅಣ್ಣ ಮಾತ್ರ ಹಿಡಿದ ಮೀನಿನ ಹಾಗೆ ತೆಪ್ಪದ ಮೇಲೆ ಬಂದು ಬಿದ್ದ.

ನಾನು ಮುಖ ತಿರುಗಿಸಿದೆ. ವೆಸ್ತಾ ತಿರುಗಿಸಲಿಲ್ಲ. ನಿಧಾನವಾಗಿ ತನ್ನ ಏಪ್ರನ್ ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿದಳು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ.

ಅಣ್ಣ ಗಡಗಡ ನಡುಗುತ್ತಾ ಎದ್ದು ಕೂತ. ಗಡ್ಡದ ತುಂಬಾ ಬೂದುಬಣ್ಣದ ಕೆಸರು.

"ವೆಸ್ತಾ, ಇನ್ನು ನಿನ್ನ ಹತ್ರ ಮುಚ್ಚಿಡೋಕೆ ನಂಗೇನೂ ಉಳಿದಿಲ್ಲ. ನನ್ನ ಮದ್ವೆ ಆಗ್ತೀಯಾ?"

"ಹನ್ನೊಂದು ವರ್ಷ ಏನ್ ಮಾಡ್ತಿದ್ದೆ?"

"ಪ್ಯಾಂಟ್ ಹಾಕ್ಕೊಂಡಿದ್ದೆ."

ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಮೊದ್ಲು ಬೆಂಕಿ ಹತ್ರ ಕೂತು ಟೀ ಕುಡಿ. ಹಲ್ಲು ಕಟಕಟ ಅನ್ನೋದು ನಿಂತ್ಮೇಲೆ ಇನ್ನೊಂದ್ಸಲ ಕೇಳು. ನಂಗೆ ಸರಿಯಾಗಿ ಕೇಳಿಸ್ಬೇಕು."

ಎರಡು ಲೋಟ ಟೀ ಆದ ಮೇಲೆ ಅವನು ಕೇಳಿದ. ಅವಳು ಹೂಂ ಅಂದಳು. ಆಗಸ್ಟ್‌ನಲ್ಲಿ ಮದುವೆಯಾಯಿತು. ಊರಿನವರೆಲ್ಲ ಬಂದು, ಹೊಗೆಯಲ್ಲಿಟ್ಟ ಮೀನೆಲ್ಲ ಖಾಲಿ ಮಾಡಿ ಹೋದರು.